ಹಸಿವೋ ಭಯವೋ ಎಂದು ಕೇಳಿದವರು

1989ರ ಡಿಸೆಂಬರ್ 12. ಬ್ರಿಟಿಷರ ಆಳ್ವಿಕೆಯ ಹಾಂಗ್‌ಕಾಂಗ್. ಇನ್ನೂ ಬೆಳಕು ಹರಿದಿರಲಿಲ್ಲ. ಪೊಲೀಸರು 51 ಜನ ವಿಯೆಟ್ನಾಮಿಗಳನ್ನು ಶಿಬಿರದಿಂದ ಹೊರಡಿಸಿ, ವಿಮಾನ ಹತ್ತಿಸಿ, ಹನೋಯಿಗೆ ಸಾಗಿಸಿಬಿಟ್ಟರು. ಹೆಂಗಸರು ಮಕ್ಕಳೇ ಹೆಚ್ಚು. ಇಂಥ ಕೆಲಸಕ್ಕೆ ಸರ್ಕಾರಗಳು ಕತ್ತಲನ್ನೇ ಯಾಕೆ ಆರಿಸಿಕೊಳ್ಳುತ್ತವೆ, ಗೆಳೆಯರೆ?

ಇವರು ಮಾಡಿದ ತಪ್ಪೇನು? 'ಭಯಕ್ಕೆ ಓಡಿಬಂದವರಲ್ಲ, ಹೊಟ್ಟೆಪಾಡಿಗೆ ಬಂದವರು' ಎಂಬ ತೀರ್ಪು. 1988ರ ಜೂನ್ 15ರವರೆಗೆ ದೋಣಿಯಲ್ಲಿ ಬಂದ ವಿಯೆಟ್ನಾಮಿಗಳೆಲ್ಲ ಅಲ್ಲಿ ನಿರಾಶ್ರಿತರೇ. ಮಾರನೇ ದಿನದಿಂದ ಜರಡಿ ಹಿಡಿದರು. ಜನಾಂಗ, ಧರ್ಮ, ರಾಜಕೀಯ ಅಭಿಪ್ರಾಯ ಇಂಥ ಕಾರಣಕ್ಕೆ ಹಿಂಸೆಯ ಭಯವಿದ್ದರೆ ನಿರಾಶ್ರಿತ. ಬರೀ ಹಸಿವಿದ್ದರೆ ವಾಪಸ್. 1989ರ ಜಿನೀವಾ ಸಮ್ಮೇಳನ ಈ ಜರಡಿಯನ್ನೇ ಸುತ್ತಲ ದೇಶಗಳಿಗೆಲ್ಲ ಹಂಚಿತು.

ಇದನ್ನು ನನ್ನವ್ವನಿಗೆ ಹೇಳಿದೆ. "ಹಿಟ್ಟಿಲ್ದೆ ಸಾಯೋನ್ಗೆ ಭಯ ಇರಾಕಿಲ್ವೇನ್ಲಾ?" ಅಂದಳು. ಡಿಗ್ರಿ ಮಾಡಿದ ನನ್ನ ಹತ್ತಿರ ಉತ್ತರವಿರಲಿಲ್ಲ.

ಸರ್ಕಾರದ ಇಕ್ಕಟ್ಟು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಹಾಂಗ್‌ಕಾಂಗ್ ಅಂಗೈಯಗಲದ ನೆಲ. 1975ರಿಂದ ಅಲ್ಲಿಗೆ ಬಂದಿಳಿದ ವಿಯೆಟ್ನಾಮಿಗಳು ಎರಡು ಲಕ್ಷ ಮುಟ್ಟಿದರು. ಚೀನಾದಿಂದ ಕದ್ದು ಗಡಿ ದಾಟಿದ ತಮ್ಮ ನೆಂಟರಿಷ್ಟರನ್ನು 1980ರಿಂದ ಹಿಡಿದ ಹಾಗೇ ವಾಪಸ್ ಅಟ್ಟುತ್ತಿದ್ದರು. 'ನಮ್ಮವರಿಗೊಂದು ನ್ಯಾಯ, ಇವರಿಗೊಂದು ನ್ಯಾಯವಾ?' ಅಂತ ಅಲ್ಲಿನ ದುಡಿಯುವ ಜನ ಕೇಳಿದರೆ ತಪ್ಪೇನಿದೆ? ಆದರೆ ಬಡವನ ಮೇಲೆ ಬಡವನನ್ನು ಛೂ ಬಿಟ್ಟವರು ಯಾರು?

ಅಮೆರಿಕವನ್ನೇ ನೋಡಿ. ವಿಯೆಟ್ನಾಮಿನ ಕಾಡು ಗದ್ದೆಗಳಿಗೆ ವಿಷ ಸುರಿಯಿತು. ಸೋತು ಹೋದ ಮೇಲೆ 1994ರವರೆಗೂ ವ್ಯಾಪಾರಕ್ಕೆ ದಿಗ್ಬಂಧನ ಹಾಕಿ ಕೂತಿತು. ಒಲೆಗೆ ನೀರು ಹೊಯ್ದ ಇದೇ ದೊಡ್ಡಣ್ಣ 'ಬಲವಂತವಾಗಿ ವಾಪಸ್ ಕಳಿಸಬೇಡಿ' ಅಂತ ಬ್ರಿಟನ್ನಿಗೆ ಬುದ್ಧಿ ಹೇಳಿದ. ತಾನು ಮಾತ್ರ 1981ರಿಂದಲೇ ಹೈಟಿಯ ಕಪ್ಪು ಜನರ ದೋಣಿಗಳನ್ನು ನಡುಗಡಲಲ್ಲಿ ತಡೆದು ಹಿಂದಕ್ಕೆ ತಳ್ಳುತ್ತಿದ್ದ. ಇನ್ನು ಥ್ಯಾಚರ್ ಸರ್ಕಾರ? ವಸಾಹತು ಬೇಕು, ವಸಾಹತಿನ ಬಾಗಿಲಿಗೆ ಬಂದವರ ಭಾರ ಬೇಡ. ಶ್ರೀಮಂತ ದೇಶಗಳು ನೆಂಟರಿದ್ದವರನ್ನು, ಕಸುಬು ಬಲ್ಲವರನ್ನು ಆರಿಸಿಕೊಂಡವು. ಮಿಕ್ಕವರಿಗೆ ಮುಳ್ಳುತಂತಿ. ಶೆಕ್ ಕಾಂಗ್ ಶಿಬಿರದಲ್ಲಿ 1992ರ ಫೆಬ್ರವರಿಯಲ್ಲಿ, ಅವರ ಹೊಸವರ್ಷದ ಹೊತ್ತಿಗೆ, ಕೂಡಿಹಾಕಿದ್ದ ಜನ ತಮ್ಮತಮ್ಮಲ್ಲೇ ಬಡಿದಾಡಿದರು. ಬೆಂಕಿ ಬಿತ್ತು. 24 ಜೀವ ಹೋದವು.

ಈಗ ನಮ್ಮ ಮಾತು. ಅಮೆರಿಕವನ್ನು ಮಣಿಸಿದ ವಿಯೆಟ್ನಾಂ ನಮಗೆ ಹೆಮ್ಮೆ. ಅದಕ್ಕೇ ಅಲ್ಲಿಂದ ಓಡಿದವರ ಮಾತು ಬಂದರೆ ನಾವು ತಲೆ ತಗ್ಗಿಸುತ್ತೇವೆ. ಯಾಕೆ? ವಿಚಾರಣೆಯಿಲ್ಲದೆ ಜನರನ್ನು ವರ್ಷಗಟ್ಟಲೆ 'ಮರುಶಿಕ್ಷಣ' ಶಿಬಿರಗಳಲ್ಲಿ ಕೊಳೆಹಾಕಿದ್ದು ಸತ್ಯ. 1978-79ರಲ್ಲಿ ಚೀನೀ ಮೂಲದವರನ್ನು ಕಡಲಿಗೆ ದೂಡಿದ್ದೂ ಸತ್ಯ. ಕೆಂಪು ಬಾವುಟದ ಕೆಳಗೆ ನಡೆದ ದೌರ್ಜನ್ಯಕ್ಕೆ ಬಾಯಿ ಹೊಲಿದುಕೊಂಡರೆ, ಜಮೀನ್ದಾರನ ದೌರ್ಜನ್ಯದ ವಿರುದ್ಧ ಯಾವ ಬಾಯಲ್ಲಿ ಮಾತಾಡುತ್ತೀರಿ?

ಹುಟ್ಟಿದೂರಿಗೆ ಮರಳುವುದು ಕೆಟ್ಟದ್ದಲ್ಲ. ಮರಳಬೇಕೋ ಬೇಡವೋ ಎಂದು ಹೇಳುವ ಹಕ್ಕು ಆ ಮನುಷ್ಯನದ್ದು. ಅವನು ಮರಳುವಂಥ ಊರು ಮಾಡಿಕೊಡುವ ಹೊಣೆ, ಆ ಊರನ್ನು ಸುಟ್ಟವರದ್ದು, ಅಲ್ಲಿ ಬಾಯಿ ಮುಚ್ಚಿಸಿದವರದ್ದು. ಹೊಣೆ ಹೊರಬೇಕಾದವರು ಜರಡಿ ಹಿಡಿದು ಕೂತರು, ಅದೇ ಅನ್ಯಾಯ.

2000ದಲ್ಲಿ ಹಾಂಗ್‌ಕಾಂಗಿನ ಕೊನೆಯ ಶಿಬಿರವೂ ಮುಚ್ಚಿತು. ಯಾವ ದೇಶಕ್ಕೂ ಬೇಡವಾಗಿ ಉಳಿದಿದ್ದ ಸುಮಾರು 1,400 ಜನರಿಗೆ ಅಲ್ಲೇ ಬಾಳಲು ಬಿಟ್ಟರು. ಹಾಂಗ್‌ಕಾಂಗೇನೂ ಮುಳುಗಲಿಲ್ಲ. ಜರಡಿ ಮಾತ್ರ ಇವತ್ತೂ ಗಡಿಗಡಿಯಲ್ಲಿ ಆಡುತ್ತಿದೆ. ಮೇಷ್ಟ್ರೇ, ನಾಳೆ ನಿಮ್ಮ ತರಗತಿಯಲ್ಲಿ ನನ್ನವ್ವನ ಪ್ರಶ್ನೆ ಕೇಳಿ ನೋಡಿ. ಹಸಿದು ಬಂದ ಮಕ್ಕಳು ಉತ್ತರ ಹೇಳುತ್ತಾರೆ.