ಪಂದ್ಯದ ಮೇಲೊಂದು ಪಂದ್ಯ!

ಫುಟ್‌ಬಾಲ್ ಫೈನಲ್ ಹತ್ತಿರ ಬಂತೆಂದರೆ ಸಾಕು, ದಂಡಿನ ಕಡೆಯವರೆಲ್ಲ ಜ್ಯೋತಿಷಿಗಳಾಗಿಬಿಡುತ್ತಾರೆ. ಶಿವಾಜಿನಗರದ ಟೀ ಅಂಗಡಿಯಿಂದ ಹಿಡಿದು ಕೆ.ಆರ್. ಪುರದ ಬಸ್ಸಿನ ಹಿಂದಿನ ಸೀಟಿನವರೆಗೆ ಭವಿಷ್ಯವೋ ಭವಿಷ್ಯ! ಯಾರು ಗೆಲ್ಲುತ್ತಾರೆ ಎಂದು ಕೇಳುವವನು ಈ ಕಡೆಗೆ ಹೊಸಬ. ಪಳಗಿದವರು ಬೆಟ್ ಕಟ್ಟುವುದು ಸಣ್ಣಪುಟ್ಟ ಸಂಗತಿಗಳ ಮೇಲೆ. ಟಾಸ್ ಯಾರದು? ಮೊದಲ ಕಾರ್ನರ್ ಎಷ್ಟನೇ ನಿಮಿಷಕ್ಕೆ? ಮೊದಲು ಹಳದಿ ಕಾರ್ಡು ನೋಡುವ ಪುಣ್ಯಾತ್ಮ ಯಾರು? ಗೋಲ್‌ಕೀಪರ್ ಕೈಗವಸಿನ ಬಣ್ಣ ಯಾವುದು?

"ಏನ್ ಭಾಯ್, ಮೊದಲನೇ ಗೋಲು ತಲೇಲೋ, ಕಾಲಲ್ಲೋ?"

"ತಲೇಲಿ. ಎರಡು ಟೀ, ಒಂದು ಬನ್."

"ಆಯ್ತು, ಬರ್ಕೊಳಣ್ಣ."

ಅಂಗಡಿಯಾತ ಸಿಗರೇಟು ಪ್ಯಾಕಿನ ಹಿಂಬದಿಯಲ್ಲಿ ಗೀಚಿಕೊಂಡರೆ ಒಪ್ಪಂದ ಮುಗಿಯಿತು. ಸಾಕ್ಷಿಗೆ ನಿಂತವರಿಗೂ ಅರ್ಧ ಟೀ ಸಿಗುವುದುಂಟು.

ಕನ್ನಡದಲ್ಲಿ ಆಟಕ್ಕೂ ಪಂದ್ಯವೆನ್ನುತ್ತೇವೆ, ಆಟದ ಮೇಲೆ ಕಟ್ಟುವ ಬಾಜಿಗೂ ಪಂದ್ಯವೆನ್ನುತ್ತೇವೆ. ಮೈದಾನದಲ್ಲಿ ಇಪ್ಪತ್ತೆರಡು ಜನ ಒಂದು ಪಂದ್ಯ ಆಡುತ್ತಿದ್ದರೆ, ಅಂಗಡಿ ಬೆಂಚಿನ ಮೇಲೆ ಇನ್ನೊಂದು ಪಂದ್ಯ ನಡೆದಿರುತ್ತದೆ.

ಈ ಭವಿಷ್ಯಗಳಲ್ಲಿ ಎಷ್ಟು ನಿಜವಾಗುತ್ತವೆ? ಲೆಕ್ಕ ಹಾಕಿದರೆ ಭವಿಷ್ಯ ಹೇಳಿದವರು ಮುಖ ಮುಚ್ಚಿಕೊಳ್ಳಬೇಕು. ಹಲಸೂರಿನ ಗೌತಮಪುರವನ್ನೇ ನೋಡಿ. ಬೀದಿಯಲ್ಲಿ ಪೆಲೆಗೆ ಪ್ರತಿಮೆ ನಿಲ್ಲಿಸಿಕೊಂಡಿರುವ ಬಡಾವಣೆ ಅದು. ಅಲ್ಲಿ ವಿಶ್ವಕಪ್ ಬಂದಾಗಲೆಲ್ಲ ಭವಿಷ್ಯ ಒಂದೇ: ಕಪ್ಪು ಬ್ರೆಜಿಲ್‌ಗೆ! ಆದರೆ 2002ರಲ್ಲಿ ಗೆದ್ದ ಬ್ರೆಜಿಲ್, ಆಮೇಲಿನ ಐದು ವಿಶ್ವಕಪ್‌ಗಳಲ್ಲಿ, ಅಂದರೆ 2022ರವರೆಗೆ, ಫೈನಲ್ಲಿನ ಮುಖವನ್ನೇ ನೋಡಲಿಲ್ಲ. 2014ರಲ್ಲಿ ತನ್ನ ನೆಲದಲ್ಲೇ ಜರ್ಮನಿಯ ಕೈಲಿ 7-1 ಗೋಲುಗಳಿಂದ ಏಟು ತಿಂದಿತು. ಆ ಅಂಕಿಗೆ ಬೆಟ್ ಕಟ್ಟಿದವನೊಬ್ಬ ಗೌತಮಪುರದಲ್ಲಿದ್ದಿದ್ದರೆ ಅವನಿಗೆ ಟೀ ಸಿಗುತ್ತಿತ್ತೋ ಇಲ್ಲವೋ, ಬೈಗುಳವಂತೂ ಧಾರಾಳವಾಗಿ ಸಿಗುತ್ತಿತ್ತು.

ಜರ್ಮನಿಯಲ್ಲಿ ಪಾಲ್ ಎಂಬ ಆಕ್ಟೋಪಸ್ ಇತ್ತು. ಧ್ವಜ ಅಂಟಿಸಿದ ಎರಡು ಡಬ್ಬಿಗಳಲ್ಲಿ ತಿಂಡಿ ಇಟ್ಟರೆ, ಯಾವುದಕ್ಕೆ ಬಾಯಿ ಹಾಕುತ್ತದೋ ಆ ತಂಡಕ್ಕೆ ಜಯ. 2010ರ ವಿಶ್ವಕಪ್‌ನಲ್ಲಿ ಫೈನಲ್ ಸೇರಿ ಎಂಟಕ್ಕೆ ಎಂಟೂ ಸರಿ ಹೇಳಿತು! ನಮ್ಮ ಫುಟ್‌ಪಾತಿನ ಗಿಣಿಶಾಸ್ತ್ರದವರಿಗೆ ಇಂಥ ಪ್ರಚಾರ ಯಾವತ್ತು ಸಿಕ್ಕಿತು? ಅದೇ ಪಾಲ್ 2008ರ ಯೂರೋ ಕಪ್‌ನಲ್ಲಿ ಎರಡು ಸಲ ಮುಗ್ಗರಿಸಿದ್ದನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಟೀ ಅಂಗಡಿಯ ಭವಿಷ್ಯಗಾರರ ಗುಟ್ಟೂ ಇದೇ. ಸರಿಯಾದದ್ದನ್ನು ಹತ್ತು ವರ್ಷ ಹೇಳಿಕೊಳ್ಳುತ್ತಾರೆ, ತಪ್ಪಿದ್ದನ್ನು ಮರುದಿನವೇ ಮರೆಯುತ್ತಾರೆ.

ಊರಿನ ತಂಡದ ಲೆಕ್ಕ ನೋಡಿದರೆ ಇನ್ನೂ ತಮಾಷೆ. 2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲೇ ಐ.ಎಸ್.ಎಲ್. ಫೈನಲ್. ಲೀಗಿನಲ್ಲಿ ಮೊದಲ ಸ್ಥಾನ ಬೆಂಗಳೂರು ಎಫ್.ಸಿ.ಯದು, ಜನವೂ ನಮ್ಮವರೇ. ಒಂಬತ್ತನೇ ನಿಮಿಷಕ್ಕೆ ಸುನಿಲ್ ಛೇತ್ರಿ ಹೆಡ್ಡರ್ ಹೊಡೆದಾಗ ಎಷ್ಟು ಟೀ ಬಿಲ್ಲುಗಳು ಆಗಲೇ ಬರೆದಾಗಿದ್ದವೋ! ಆಮೇಲೆ ಚೆನ್ನೈಯಿನ್ ತಂಡದ ಬ್ರೆಜಿಲ್ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಿಗೆ ಎರಡು ಸಲ ತಲೆ ಕೊಟ್ಟ. ಕೊನೆಗೆ 3-2ರಲ್ಲಿ ಕಪ್ಪು ಚೆನ್ನೈಗೆ. ಗೋಲು ತಡೆಯಬೇಕಾದವನು ಫೈನಲ್ಲಿನಲ್ಲಿ ಎರಡು ಗೋಲು ಹೊಡೆಯುತ್ತಾನೆಂದು ಯಾವ ಗಿಣಿ ಚೀಟಿ ಎತ್ತೀತು?

ಮುಂದಿನ ವರ್ಷ, ಅದೇ ಮಾರ್ಚ್ 17, ಮುಂಬಯಿ. ಗೋವಾ ಎದುರು ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದ 117ನೇ ನಿಮಿಷಕ್ಕೆ ರಾಹುಲ್ ಭೇಕೆ ಹೆಡ್ಡರ್, ಬೆಂಗಳೂರಿಗೆ ಕಪ್! ಭೇಕೆಯೂ ಡಿಫೆಂಡರೇ. 2023ರ ಫೈನಲ್ 2-2 ಆಗಿ ಪೆನಾಲ್ಟಿಗಳಲ್ಲಿ ಕೈತಪ್ಪಿತು. 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲಿ ನಮ್ಮವರಿಗೆ ಬಂದ ಒಂದೇ ಗೋಲನ್ನು ಹೊಡೆದುಕೊಟ್ಟದ್ದು ಎದುರಾಳಿ ಮೋಹನ್ ಬಗಾನ್ ಆಟಗಾರನೇ, ತನ್ನದೇ ಬಲೆಗೆ. ಆಮೇಲೆ 2-1ರಲ್ಲಿ ಸೋಲು. "ಮೊದಲ ಗೋಲು ಯಾರದು?" ಎಂಬ ಬೆಟ್ಟಿಗೆ ಆ ದಿನ ಉತ್ತರ ಹೇಳುವವರು ಒದ್ದಾಡಿರಬೇಕು.

ಇಷ್ಟು ನೋಡಿದ ಮೇಲೆ ಒಂದು ಸೂತ್ರ ಹೇಳಬಹುದು. ದೊಡ್ಡ ಹೆಸರಿನ ಮೇಲೆ ಕಟ್ಟಬೇಡಿ, ಕಾರ್ನರ್‌ಗೆ ಮುಂದೆ ಓಡಿಬರುವ ಎತ್ತರದ ಆಸಾಮಿಯ ಮೇಲೆ ಕಟ್ಟಿ. 2022ರ ವಿಶ್ವಕಪ್ ಫೈನಲ್ಲಿನಲ್ಲಿ ಎಂಬಾಪೆ ಮೂರು ಗೋಲು ಹೊಡೆದೂ ಕಪ್ಪು ಅರ್ಜೆಂಟೀನಾ ಪಾಲಾಯಿತು. ಹ್ಯಾಟ್ರಿಕ್ ಸರಿ ಹೇಳಿದವನಿಗೆ ಒಂದು ಟೀ ಬಂತು, ಫ್ರಾನ್ಸ್ ಗೆಲ್ಲುತ್ತದೆಂದಿದ್ದಕ್ಕೆ ಅದೇ ಟೀ ಹೋಯಿತು.

ಎರಡು ಟೀ, ಒಂದು ಬನ್ನು ಇರುವವರೆಗೆ ಇದೆಲ್ಲ ನಗೆಯ ಮಾತು. ಸೋತವನು ಗೊಣಗುತ್ತಾನೆ, ಕೊಡಿಸುತ್ತಾನೆ, ಮರುದಿನ ಅದೇ ಬೆಂಚಿಗೆ ಬರುತ್ತಾನೆ. ಆದರೆ ಈಚಿನ ವರ್ಷಗಳಲ್ಲಿ ಬೆಟ್ಟು ಬೆಂಚು ಬಿಟ್ಟು ಮೊಬೈಲಿನೊಳಗೆ ಹೊಕ್ಕಿದೆ. ಅಲ್ಲಿ ಕಾರ್ನರ್‌ಗೂ ರೇಟು, ಥ್ರೋ-ಇನ್‌ಗೂ ರೇಟು. ಎದುರಿಗೆ ಕೂತ ಅಣ್ಣನಿಲ್ಲ, ಬರೆದುಕೊಳ್ಳುವ ಅಂಗಡಿಯಾತನಿಲ್ಲ, "ಸಾಕು ಬಿಡೋ, ಮನೆಗೆ ಹೋಗು" ಎನ್ನುವವರು ಮೊದಲೇ ಇಲ್ಲ. ತಿಂಗಳ ಸಂಬಳ ಎಣಿಸಿಕೊಂಡು ಹೊರಟ ಹುಡುಗ ಬಸ್ಸು ಹಲಸೂರು ಕೆರೆ ದಾಟುವುದರೊಳಗೆ ಅರ್ಧ ಕಳೆದುಕೊಳ್ಳಬಹುದು, ಪಕ್ಕದ ಸೀಟಿನವರಿಗೂ ಗೊತ್ತಾಗದ ಹಾಗೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾನೂನು ಮಾಡಿದ್ದು ಸುಮ್ಮನೆ ಅಲ್ಲ.

ಬಾಜಿ ಹಣಕ್ಕೆ ಕೋರ್ಟಿನ ಬೆಂಬಲವೂ ಇಲ್ಲ. 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದ ಶೂನ್ಯ, ಗೆದ್ದ ಹಣಕ್ಕೆ ದಾವೆ ಹೂಡುವಂತಿಲ್ಲ. ದೊಡ್ಡ ಬಹುಮಾನದ ಕುದುರೆ ರೇಸಿಗೆ ಮಾತ್ರ ಅಲ್ಲಿ ವಿನಾಯಿತಿ ಇಟ್ಟಿದ್ದಾರೆ. ಕುದುರೆಗಿರುವ ಮರ್ಯಾದೆ ಕಾಲ್ಚೆಂಡಿಗಿಲ್ಲ! ಹಾಗಾಗಿ ಟೀ ಅಂಗಡಿಯವರಿಗೊಂದು ಮಾತು. ನಿಮ್ಮ ಬೆಂಚಿನ ಮೇಲೆ ಪಂದ್ಯ ಕಟ್ಟಲಿ, ಆದರೆ ನೋಟು ಹೊರಬಂದ ಕ್ಷಣವೇ ಚೀಟಿ ಹರಿದು ಹಾಕಿ. ಎರಡು ಟೀಗಾಗಿ ಯಾವ ಇನ್ಸ್‌ಪೆಕ್ಟರೂ ಬೂಟು ಸವೆಸಲಾರರು. ನೋಟಿನ ಕಥೆ ಬೇರೆ.

ಭವಿಷ್ಯಗಾರರ ಕಣ್ಣಿಗೆ ಬೀಳದೆ ಹೋದ ಫೈನಲ್ಲೊಂದಿದೆ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಛೇತ್ರಿ ಫ್ರೀ ಕಿಕ್ಕನ್ನು ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಹೊಡೆದರು. ಕೇರಳ ಬ್ಲಾಸ್ಟರ್ಸ್ ಸಿಟ್ಟಿಗೆದ್ದು ಮೈದಾನ ಬಿಟ್ಟೇ ಹೋಯಿತು. ತಂಡ ಎದ್ದುಹೋಗುತ್ತದೆ ಎಂದು ಬೆಟ್ ಕಟ್ಟಿದ ಮಹಾರಾಯ ಯಾರೂ ಇರಲಾರ. ಊರಲ್ಲೆಲ್ಲ ಅದೇ ಸುದ್ದಿ, ಅದೇ ಜಗಳ. ಮರುದಿನ, ಮಾರ್ಚ್ 4ರಂದು, ಸೌದಿಯ ರಿಯಾದ್‌ನಲ್ಲಿ ಕರ್ನಾಟಕದ ಹುಡುಗರು ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಸಂತೋಷ್ ಟ್ರೋಫಿ ಎತ್ತಿದರು. ಹಿಂದಿನ ಸಲ, 1968-69ರಲ್ಲಿ, ಗೆದ್ದಾಗ ರಾಜ್ಯದ ಹೆಸರೇ ಮೈಸೂರು. ಐವತ್ತನಾಲ್ಕು ವರ್ಷಕ್ಕೊಮ್ಮೆ ಬಂದ ಕಪ್ಪು! ಅದರ ಮೇಲೆ ಶಿವಾಜಿನಗರದಲ್ಲಿ ಎಷ್ಟು ಜನ ಒಂದು ಟೀ ಕಟ್ಟಿದ್ದರು? ಇಂದಿರಾನಗರದಲ್ಲಿ ಎಷ್ಟು ದೊಡ್ಡ ಪರದೆ ಹಾಕಿದ್ದರು? ಮೆಸ್ಸಿಯ ಬೂಟಿನ ಬಣ್ಣ ಹೇಳಬಲ್ಲವರಿಗೆ ನಮ್ಮ ತಂಡದ ಹನ್ನೊಂದು ಹೆಸರು ಬರುತ್ತಿತ್ತೆ?

ಈ ಕಡೆಯ ಮಣ್ಣು ಅಂಥದ್ದಲ್ಲ. ಪಲ್ಟನ್ ಸೋಲ್ಜರುಗಳ ಆಟ ನೋಡಿ ಕಲಿತ ದಂಡಿನ ಹುಡುಗರು ಸೋಲ್ಜರುಗಳ ಕಪ್ಪನ್ನೇ ಕಿತ್ತುಕೊಂಡವರು. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದದ್ದು ಬ್ಯಾಂಗಳೂರ್ ಮುಸ್ಲಿಮ್ಸ್, 1938ರಲ್ಲಿ ಮತ್ತೆ ಅವರೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಒಂದೇ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. ಎರಡು ಪೆನಾಲ್ಟಿ ಸಿಕ್ಕಿ ಎರಡೂ ವ್ಯರ್ಥವಾದವು, ಆಟ 2-1ರಲ್ಲಿ ಹೋಯಿತು. ಆ ಎರಡು ಪೆನಾಲ್ಟಿಗಳ ಮೇಲೆ ಎಷ್ಟು ಟೀ ಮುಳುಗಿತೋ, ಹೇಳುವವರು ಈಗಿಲ್ಲ.

ಮುಂದಿನ ಫೈನಲ್ ಯಾವುದೇ ಇರಲಿ, ಚೀಟಿಯ ತುದಿಯಲ್ಲಿ ಊರಿನ ಆಟಕ್ಕೂ ಒಂದು ಸಾಲು ಬಿಡಿ. ಬೆಂಗಳೂರು ಸೂಪರ್ ಡಿವಿಷನ್ ಆಟಗಳು ನಡೆಯುವ ಫುಟ್‌ಬಾಲ್ ಕ್ರೀಡಾಂಗಣ ಅಶೋಕನಗರದಲ್ಲೇ ಇದೆ, ಗರುಡಾ ಮಾಲ್ ಪಕ್ಕ. ಕೆ.ಆರ್. ಪುರದವರೂ ಹಲಸೂರಿನವರೂ ಎಂ.ಜಿ. ರೋಡ್ ಮೆಟ್ರೊದಲ್ಲಿ ಇಳಿದು ನಡೆದರಾಯಿತು. ಅಂಗಡಿಯವರು ಸಂಸ್ಥೆಯ ಪಂದ್ಯಗಳ ಪಟ್ಟಿ ತಂದು ಗಲ್ಲಾಪೆಟ್ಟಿಗೆ ಹಿಂದೆ ಅಂಟಿಸಿದರೆ ಬೆಂಚಿಗೆ ವರ್ಷವಿಡೀ ವಿಷಯ ಸಿಗುತ್ತದೆ, ಟೀಗೂ ವ್ಯಾಪಾರ. ಕೀಪರ್ ಕೈಗವಸಿನ ಬಣ್ಣದ ತಗಾದೆ ಬಂದರೆ ಟಿ.ವಿ. ನೋಡಬೇಕಾದ್ದಿಲ್ಲ. ಗೋಲಿನ ಹಿಂದೆ ಹೋಗಿ ನಿಂತು, ಕಣ್ಣಾರೆ ನೋಡಿ, ಅಲ್ಲೇ ಲೆಕ್ಕ ಚುಕ್ತಾ ಮಾಡಿಕೊಳ್ಳಬಹುದು.