ಟಿಕೆಟ್ ಇಲ್ಲದ ಪ್ರವಾಸಿಗೆ ಜಾಗವೂ ಇಲ್ಲ

5 ವರ್ಷ ತುಂಬದ ಮಗುವಿಗೆ ರೈಲಿನಲ್ಲಿ ಟಿಕೆಟ್ ಬೇಕಿಲ್ಲ. ನಮ್ಮ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ 6 ವರ್ಷದವರೆಗೂ ಪುಕ್ಕಟೆ. ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸ್ಮಾರಕಗಳಲ್ಲಂತೂ 15ರೊಳಗಿನವರೆಲ್ಲ ದುಡ್ಡು ಕೊಡದೆ ಒಳಗೆ ಹೋಗಬಹುದು. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೂ ಸೋಮನಾಥಪುರದ ಕೇಶವ ದೇವಾಲಯಕ್ಕೂ ಇದೇ ನಿಯಮ. ಇಷ್ಟೆಲ್ಲ ಔದಾರ್ಯಕ್ಕೆ ಒಂದು ಷರಾ ಅಂಟಿಕೊಂಡಿದೆ: ಸೀಟು ಮಾತ್ರ ಕೇಳಬೇಡಿ. ರೈಲ್ವೆ ಇಲಾಖೆ 2016ರ ಏಪ್ರಿಲ್‌ನಿಂದ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದೆ. 5ರಿಂದ 12 ವರ್ಷದೊಳಗಿನ ಮಗುವಿಗೆ ಬರ್ತ್ ಬೇಕೆಂದರೆ ಪೂರ್ತಿ ದರ ಕಟ್ಟಬೇಕು. ಅರ್ಧ ದರ ಕಟ್ಟಿದರೆ ಅಪ್ಪನ ಕಾಲ ಬಳಿಯೋ ಅಮ್ಮನ ಪಕ್ಕದಲ್ಲೋ ಮುದುರಿಕೊಳ್ಳಬೇಕು. ನಮ್ಮ ನಗರಗಳು ಚಿಕ್ಕ ಮಕ್ಕಳನ್ನು ಹೇಗೆ ನೋಡುತ್ತವೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಬರಬೇಡ ಎಂದು ಯಾರೂ ಹೇಳುವುದಿಲ್ಲ. ಬಂದಮೇಲೆ ಯಾರದಾದರೂ ಮಡಿಲಲ್ಲಿ ಇದ್ದುಬಿಡಬೇಕು, ಅಷ್ಟೆ.

ಮೈಸೂರನ್ನೇ ತೆಗೆದುಕೊಳ್ಳೋಣ. ಕರ್ನಾಟಕದಲ್ಲಿ ಹುಟ್ಟಿದ ಮಗುವಿನ ಮೊದಲ ದೂರದ ಪ್ರವಾಸ ಬಹುಪಾಲು ಮನೆಗಳಲ್ಲಿ ದೇವಸ್ಥಾನಕ್ಕೆ, ಇಲ್ಲವೇ ಮೈಸೂರಿಗೆ. ಆನೆ, ಅರಮನೆ, ಬೆಟ್ಟ, ಕಾರಂಜಿ ಎಲ್ಲ ಒಂದೇ ಊರಿನಲ್ಲಿ ಸಿಗುವಾಗ ಬೇರೆ ಕಡೆ ಏಕೆ ಹೋಗಬೇಕು? ಜನರೂ ಒಳ್ಳೆಯವರು. ಹೋಟೆಲಿನ ಸಪ್ಲೈಯರ್ ಕೇಳುವ ಮೊದಲೇ ಕೂಸಿನ ಬಾಟಲಿಗೆ ಬಿಸಿನೀರು ತಂದುಕೊಡುತ್ತಾನೆ, ಇಡ್ಲಿಯ ಚಟ್ನಿಗೆ ಖಾರ ಕಮ್ಮಿ ಇರುವುದನ್ನು ಹುಡುಕಿ ಹಾಕುತ್ತಾನೆ. ಬಸ್ಸಿನಲ್ಲಿ ಗುರುತಿಲ್ಲದ ಅಜ್ಜಿ ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಈ ಮಮತೆ ನಿಜವಾದದ್ದು, ದೊಡ್ಡದು. ಆದರೆ ನನ್ನ ತಕರಾರು ಇರುವುದೂ ಇಲ್ಲೇ. ನಗರಾಡಳಿತ ಮಾಡಬೇಕಾದ ಕೆಲಸವನ್ನು ಸಪ್ಲೈಯರ್, ಅಜ್ಜಿ, ಆಟೋ ಚಾಲಕ ಸೇರಿ ಮಾಡಿಕೊಡುತ್ತಿರುವುದರಿಂದ, ಆ ಕೆಲಸ ಬಾಕಿ ಇದೆಯೆಂಬುದೇ ಯಾರಿಗೂ ಕಾಣುತ್ತಿಲ್ಲ. ಉಳಿದ ಭಾರವನ್ನೆಲ್ಲ ಹೊರುವುದು ತಾಯಿಯ ಸೊಂಟ. ಭಾರತದ ನಗರಗಳಲ್ಲಿ ಮಕ್ಕಳ ಸಾರಿಗೆ ವ್ಯವಸ್ಥೆ ಎಂದರೆ ಅದೇ.

ಇದಕ್ಕೆ ಅಪವಾದವಾದ ಜಾಗವೂ ಮೈಸೂರಿನಲ್ಲೇ ಇದೆ. ಹತ್ತನೇ ಚಾಮರಾಜೇಂದ್ರ ಒಡೆಯರ್ 1892ರಲ್ಲಿ ಆರಂಭಿಸಿದ ಮೃಗಾಲಯ ಇಂದು 157 ಎಕರೆಯಲ್ಲಿ ಹರಡಿದೆ. ಎಲ್ಲ ಸುತ್ತಿ ಹೊರಬರಲು ಮೂರು ಕಿಲೋಮೀಟರಿಗೂ ಹೆಚ್ಚು ನಡೆಯಬೇಕು. ಮನೆಯಿಂದ ಬೀದಿಯ ಮೂಲೆಯ ಅಂಗಡಿಗೆ ಹೋಗಲು ‘ಎತ್ಕೋ’ ಎಂದು ಕೈಚಾಚುವ ಮೂರು ವರ್ಷದ ಮಗು ಇಲ್ಲಿ ಅರ್ಧ ದಿನ ತಾನೇ ನಡೆಯುತ್ತದೆ, ಓಡುತ್ತದೆ, ಕರೆದರೂ ಬರುವುದಿಲ್ಲ. ಪ್ರಾಣಿಗಳ ಆಕರ್ಷಣೆ ಅದು ಎಂದು ನಾವು ತಿಳಿಯುತ್ತೇವೆ. ಗಮನಿಸಿ ನೋಡಿದರೆ ಬೇರೆಯೇ ಕಾಣುತ್ತದೆ. 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾಗಳ ಮುಂದೆ ದೊಡ್ಡವರು ಮೊಬೈಲ್ ಹಿಡಿದು ನಿಂತಿದ್ದರೆ, ಮಗು ಅವರ ಕಾಲ ಬಳಿ ಕಡಲೆಬೀಜದ ಸಿಪ್ಪೆ ಹೊತ್ತೊಯ್ಯುವ ಅಳಿಲನ್ನು ನೋಡುತ್ತಿರುತ್ತದೆ. ಅಳಿಲು ಅದರ ಮನೆಯ ಹಿತ್ತಿಲಲ್ಲೂ ಇದೆ. ಇಲ್ಲಿ ಇರುವ ವ್ಯತ್ಯಾಸವೆಂದರೆ ಕೈ ಬಿಡಿಸಿಕೊಂಡು ಅದರ ಹಿಂದೆ ಹೋಗಬಹುದು. ಸ್ಕೂಟರ್ ಬರುವುದಿಲ್ಲ, ಹಾರ್ನ್ ಇಲ್ಲ, ತಲೆಯ ಮೇಲೆ ಹಳೆಯ ಮರಗಳ ನೆರಳಿದೆ, ಸುಸ್ತಾದರೆ ಬೆಂಚಿದೆ, ಕುಡಿಯಲು ನೀರಿದೆ, ದಾರಿಯಲ್ಲಿ ಶೌಚಾಲಯವಿದೆ, ದಾರಿ ಸಮತಟ್ಟಾಗಿದೆ. ಪಕ್ಕದ ಕಾರಂಜಿ ಕೆರೆಯ ಏರಿಯ ಮೇಲೂ, ಒಳಗೇ ನಡೆದು ಹೋಗಬಹುದಾದ ಅಲ್ಲಿನ ಪಕ್ಷಿಧಾಮದಲ್ಲೂ ಇದೇ ಕಥೆ. (ಎರಡಕ್ಕೂ ಮಂಗಳವಾರ ರಜೆ. ಗೇಟಿನ ಮುಂದೆ ಅಳುವ ಮಕ್ಕಳನ್ನು ಸಮಾಧಾನಪಡಿಸುವ ಕೆಲಸದಿಂದ ಪಾರಾಗಲು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.)

ಇದೇ ಮಗು ಮೃಗಾಲಯದ ಗೇಟು ದಾಟಿ ಹೊರಬಂದ ಹತ್ತು ಹೆಜ್ಜೆಗೆ ಮತ್ತೆ ಅಮ್ಮನ ಸೊಂಟ ಏರುತ್ತದೆ. ಅದರ ಕಾಲಲ್ಲಿ ಶಕ್ತಿ ಉಡುಗಿದ್ದಲ್ಲ, ಕೆಳಗೆ ಬಿಡುವ ಧೈರ್ಯ ನಮಗಿಲ್ಲ. ಪಾದಚಾರಿ ಮಾರ್ಗದ ನಡೆಯುವ ಭಾಗ ಕನಿಷ್ಠ 1.8 ಮೀಟರ್ ಅಗಲವಿರಬೇಕು, ಅಂಚುಕಲ್ಲು 150 ಮಿಲಿಮೀಟರ್ ಎತ್ತರ ಮೀರಬಾರದು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ನಮ್ಮ ಯಾವ ಊರಿನ ಪಾದಚಾರಿ ಮಾರ್ಗ ನಾಲ್ಕು ಅಂಗಡಿ ದೂರ ಇದನ್ನು ಪಾಲಿಸುತ್ತದೆ? ಅಂಚುಕಲ್ಲು ಮಗುವಿನ ಮಂಡಿಯ ಮೇಲಕ್ಕೆ ಬರುತ್ತದೆ; ಹತ್ತಿದರೆ ಟ್ರಾನ್ಸ್‌ಫಾರ್ಮರ್, ಇಳಿದರೆ ನಿಲ್ಲಿಸಿದ ಬೈಕ್. ತಳ್ಳುಗಾಡಿ ತಂದ ಅನಿವಾಸಿ ಮಗಳು ಎರಡನೇ ದಿನಕ್ಕೆ ಅದನ್ನು ಮಡಚಿ ತವರಿನ ಮಂಚದ ಕೆಳಗೆ ತಳ್ಳುವುದು ಪ್ರತಿ ಡಿಸೆಂಬರಿನ ದೃಶ್ಯ.

ವಾಹನ ಹತ್ತಿದರೆ ಕಾನೂನಿನ ಇನ್ನೊಂದು ಲೋಕ ತೆರೆಯುತ್ತದೆ. 9 ತಿಂಗಳಿಂದ 4 ವರ್ಷದ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡರೆ ಸುರಕ್ಷತಾ ಪಟ್ಟಿ ಮತ್ತು ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂಬ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಬೆಲ್ಟನ್ನಾಗಲಿ ಮಕ್ಕಳ ಸೀಟನ್ನಾಗಲಿ ಹಾಕದೆ 14ರೊಳಗಿನ ಮಗುವನ್ನು ಕಾರಿನಲ್ಲಿ ಕರೆದೊಯ್ದರೆ 1,000 ರೂಪಾಯಿ ದಂಡ ಎಂದು 2019ರ ತಿದ್ದುಪಡಿ ಹೇಳುತ್ತದೆ. ಸರಿಯಾದ ಕಾನೂನು. ಪ್ರವಾಸಿ ಟ್ಯಾಕ್ಸಿಯವರನ್ನು ಮಕ್ಕಳ ಸೀಟು ಇದೆಯಾ ಎಂದು ಕೇಳಿ ನೋಡಿ. ‘ಮಡಿಲಲ್ಲಿ ಕೂರಿಸ್ಕೊಳ್ಳಿ ಸಾರ್, ನಿಧಾನಕ್ಕೆ ಹೋಗ್ತೀನಿ’ ಎಂಬ ಅಕ್ಕರೆಯ ಉತ್ತರ ಬರುತ್ತದೆ. ಇಲ್ಲೂ ಸೌಕರ್ಯದ ಜಾಗದಲ್ಲಿ ಅಕ್ಕರೆ ಬಂದು ಕೂತಿದೆ.

ನೆದರ್ಲೆಂಡ್ಸ್‌ನ ವ್ಯಾನ್ ಲೀರ್ ಫೌಂಡೇಶನ್ ‘ಅರ್ಬನ್95’ ಎಂಬ ಕಾರ್ಯಕ್ರಮ ನಡೆಸುತ್ತಿದೆ. ಆರೋಗ್ಯವಂತ ಮೂರು ವರ್ಷದ ಮಗುವಿನ ಎತ್ತರ ಸುಮಾರು 95 ಸೆಂಟಿಮೀಟರ್. ಆ ಎತ್ತರದಿಂದ ಊರನ್ನು ನೋಡಿ ಎನ್ನುವುದು ಅದರ ತಿರುಳು. ಇದೇ ಸಂಸ್ಥೆಯ ಜೊತೆ ಸೇರಿ ಸ್ಮಾರ್ಟ್ ಸಿಟಿ ಯೋಜನೆಯಡಿ ಕೇಂದ್ರ ಸರ್ಕಾರ 5 ವರ್ಷದೊಳಗಿನ ಮಕ್ಕಳಿಗಾಗಿ ನಗರಗಳ ನಡುವೆ ಸ್ಪರ್ಧೆ ಏರ್ಪಡಿಸಿದಾಗ ನಮ್ಮ ಹುಬ್ಬಳ್ಳಿ-ಧಾರವಾಡ ಮತ್ತು ಬೆಂಗಳೂರು ಅದರಲ್ಲಿ ಆಯ್ಕೆಯಾದವು. ಆಯ್ಕೆಯಾದ ಊರುಗಳಲ್ಲಿ ಮೈಸೂರು ಇರಲಿಲ್ಲ. ಇರಲಿ, ನೋಡುವುದಕ್ಕೆ ಯೋಜನೆ ಬೇಕಿಲ್ಲ. 95 ಸೆಂಟಿಮೀಟರ್ ಎತ್ತರದಲ್ಲಿ ನಿಂತವರ ಮುಖಕ್ಕೆ ಬಸ್ಸಿನ ಹೊಗೆ ನೇರವಾಗಿ ಹೊಡೆಯುತ್ತದೆ, ಬೀದಿನಾಯಿಯ ಕಣ್ಣು ತನ್ನ ಕಣ್ಣಿನ ಸಮಕ್ಕೆ ಬರುತ್ತದೆ, ಜನಜಂಗುಳಿ ಎಂದರೆ ಬರೀ ತೊಡೆಗಳು ಮತ್ತು ಚೀಲಗಳು.

ಅರಮನೆಯೂ ಈ ಎತ್ತರದಿಂದ ಬೇರೆಯೇ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ಕ್ಕೆ ಮುಗಿದ ಈ ಕಟ್ಟಡವನ್ನು ತಲೆಯೆತ್ತಿ ನೋಡುವವರಿಗಾಗಿಯೇ ಕಟ್ಟಿದ್ದಾರೆ: ಗಾಜಿನ ಚಾವಣಿ, ನವಿಲು, ಚಿತ್ತಾರದ ಕಂಬ. ಮಗು ಎರಡು ನಿಮಿಷ ಬಾಯಿತೆರೆದು ನೋಡುತ್ತದೆ. ಆಮೇಲೆ ಸಾಲು, ಹಗ್ಗ, ‘ಮುಟ್ಟಬೇಡ’. ಒಂದು ಗಂಟೆ ಕಾಲ ಆ ಒಂದೇ ಪದ ಕೇಳಿಸಿಕೊಳ್ಳುವ ಮೂರು ವರ್ಷದವನಿಗೆ ಅರಮನೆ ಬೇಸರ ಬಂದರೆ ತಪ್ಪೇನು? ಅದೇ ಅಂಗಳದ ಪಾರಿವಾಳಗಳ ಹಿಂದೆ ಓಡಲು ಅವನಿಗೆ ಬೇಸರವಿಲ್ಲ. ಭಾನುವಾರ ಸಂಜೆ ಲಕ್ಷದ ಹತ್ತಿರದ ಬಲ್ಬುಗಳು ಒಮ್ಮೆಗೇ ಹೊತ್ತಿಕೊಂಡಾಗ ಬಯಲಲ್ಲಿ ಓಡಾಡುವುದಕ್ಕೂ ಬೇಸರವಿಲ್ಲ. 1979ರಲ್ಲಿ ತೆರೆದ ರೈಲ್ವೆ ಮ್ಯೂಸಿಯಂ ಮಕ್ಕಳ ಮನಸ್ಸು ಗೆಲ್ಲುವುದೂ ಇದಕ್ಕೇ. ಮಹಾರಾಣಿಯ ಸಲೂನ್ ಬೋಗಿಯ ಚರಿತ್ರೆ ಅವರಿಗೆ ಬೇಕಿಲ್ಲ, ಅಲ್ಲಿನ ಹಳೆಯ ಎಂಜಿನ್ನಿನ ಮೈಮುಟ್ಟಬಹುದು, ಪುಟಾಣಿ ರೈಲು ಹತ್ತಬಹುದು.

ಮ್ಯೂಸಿಯಂನ ನೆರೆಯಲ್ಲೇ, ಚೆಲುವಾಂಬ ಮಹಲಿನಲ್ಲಿ, ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ. 1950ರಲ್ಲಿ ಶುರುವಾದ ಈ ಸಂಸ್ಥೆಯ ವಿಜ್ಞಾನಿಗಳೇ ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ಕಂಡುಹಿಡಿದದ್ದು. ಅಮುಲ್ ಅದನ್ನು ದೇಶದ ಮನೆಮನೆಗೆ ತಲುಪಿಸಿತು. ದೇಶದ ಕೂಸುಗಳ ಹೊಟ್ಟೆಯ ಬಗ್ಗೆ ಇಷ್ಟು ತಲೆಕೆಡಿಸಿಕೊಂಡ ಊರಿಗೆ ಬಂದ ತಾಯಿ ಮಗುವಿಗೆ ಹಾಲುಣಿಸಲು ಇಂದಿಗೂ ಸೆರಗು ಮತ್ತು ಮರದ ಮರೆಯನ್ನೇ ನಂಬಬೇಕಾದ ಜಾಗಗಳು ಬೇಕಾದಷ್ಟಿವೆ. ಬೇರೆ ಊರುಗಳೇನೂ ಮುಂದಿಲ್ಲ. ತಾಜ್‌ಮಹಲಿನಂಥ ತಾಜ್‌ಮಹಲಿಗೆ ಹಾಲುಣಿಸುವ ಕೊಠಡಿ ಬಂದದ್ದು 2019ರಲ್ಲಿ. ಸಾರ್ವಜನಿಕ ಸ್ಥಳಗಳಲ್ಲಿ ಇಂಥ ಕೊಠಡಿ ಮತ್ತು ಶಿಶು ಆರೈಕೆಯ ಅನುಕೂಲ ಇರಬೇಕೆಂದು 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ನಮ್ಮವರೇ.

ಶೌಚಾಲಯದ ವಿಚಾರ ಇನ್ನೂ ಗಂಭೀರ, ಆದರೆ ಪ್ರವಾಸೋದ್ಯಮದ ಭಾಷಣಗಳಲ್ಲಿ ಇದಕ್ಕೆ ಮುಜುಗರದ ಮೌನ. ನಾಲ್ಕು ವರ್ಷದ ಮಗಳ ಜೊತೆ ಒಬ್ಬನೇ ಬಂದ ಅಪ್ಪ ಅವಳನ್ನು ಯಾವ ಬಾಗಿಲಿಗೆ ಕರೆದೊಯ್ಯಬೇಕು? ಗಂಡಸರ ಕಡೆ ಕರೆದೊಯ್ಯಲು ಮನಸ್ಸಿಲ್ಲ, ಹೆಂಗಸರ ಕಡೆ ಇವನನ್ನು ಬಿಡುವುದಿಲ್ಲ. ಕೊನೆಗೆ ಗುರುತಿಲ್ಲದ ಒಬ್ಬ ಅಮ್ಮನನ್ನು ಬೇಡಿಕೊಳ್ಳುತ್ತಾನೆ. ಆಕೆ ಒಪ್ಪಿ ಕರೆದೊಯ್ಯುತ್ತಾಳೆ. ಮತ್ತೆ ಅದೇ ಮಮತೆ. ಮಗುವಿನ ಬಟ್ಟೆ ಬದಲಿಸುವ ಹಲಗೆ ಇರುವ ಕಡೆಯೂ ಸಾಮಾನ್ಯವಾಗಿ ಅದನ್ನು ಹೆಂಗಸರ ಶೌಚಾಲಯದಲ್ಲೇ ಹಾಕಿರುತ್ತಾರೆ. ಕೂಸಿನ ಕೆಲಸ ಯಾರದೆಂದು ಗೋಡೆಯೇ ತೀರ್ಮಾನಿಸಿದಂತೆ. ಕುಟುಂಬ ಶೌಚಾಲಯವೆಂದು ಒಂದು ಕೋಣೆ, ಒಂದು ಗಿಡ್ಡ ಕಮೋಡು, ಒಂದು ಹಲಗೆ, ಒಳಗಿಂದ ಚಿಲಕ. ಇದಕ್ಕೆ ಅಂತರರಾಷ್ಟ್ರೀಯ ಸಲಹೆಗಾರರು ಬೇಕಿಲ್ಲ.

ನಮ್ಮ ಅಮ್ಮಂದಿರು ನಾಲ್ಕು ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಜಾತ್ರೆ, ದಸರೆ ಸುತ್ತಲಿಲ್ಲವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಸುತ್ತಿದರು. ಅವರ ಜೊತೆ ಅತ್ತೆ, ನಾದಿನಿ, ಮದುವೆಯಾಗದ ಚಿಕ್ಕಮ್ಮ, ಹತ್ತು ವರ್ಷದ ಅಕ್ಕ ಇರುತ್ತಿದ್ದರು. ಮಕ್ಕಳು ಹೆಚ್ಚಿದ್ದರು, ಹೊರುವ ಕೈಗಳೂ ಹೆಚ್ಚಿದ್ದವು. ಈಗ ಮಗು ಒಂದೇ ಇರಬಹುದು, ಜೊತೆಗಿರುವ ಕೈ ಎರಡೋ ನಾಲ್ಕೋ. ಅದರಲ್ಲೊಂದು ಕೈ ಚೀಲಕ್ಕೆ, ಇನ್ನೊಂದು ಫೋನಿನ ಮ್ಯಾಪ್‌ಗೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದಮೇಲೆ ಗಂಡನ ಜೇಬು, ಬಿಡುವು ಎರಡನ್ನೂ ಕಾಯದೆ ಹೆಂಗಸರು ಮಕ್ಕಳನ್ನು ಕರೆದುಕೊಂಡು ಹೊರಡುತ್ತಿದ್ದಾರೆ. ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಪುಕ್ಕಟೆಯಾಗಿ ಬಂದಿಳಿಯುವ ಬಸ್ ನಿಲ್ದಾಣವೇ ಈಗ ಮೈಸೂರಿನ ಹೆಬ್ಬಾಗಿಲು. ಬರುವವರು ಬದಲಾಗಿದ್ದಾರೆ, ಬರಮಾಡಿಕೊಳ್ಳುವ ಏರ್ಪಾಡು ಬದಲಾಗಿಲ್ಲ.

ಕಾರಿನವರಿಗೆ 2023ರಲ್ಲೇ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯೂ ಸಿಕ್ಕಿತು. ಮೂರು ಗಂಟೆ ಕಾರಿನಲ್ಲಿ ಅಳುವ ಮಗುವಿಗೆ ಒಂದೂವರೆ ಗಂಟೆಯ ದಾರಿ ವರವೇ, ಅದನ್ನು ಅಲ್ಲಗಳೆಯಲಾರೆ. ಆದರೆ ಹಳೆಯ ದಾರಿಯಲ್ಲಿ ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ, ಅವುಗಳ ನಡುವೆ ಚನ್ನಪಟ್ಟಣದ ಗೊಂಬೆ ಅಂಗಡಿಗಳ ಸಾಲು ಇದ್ದವು. ಹಾಲೆ ಮರ ಕಡೆದು ಅರಗಿನ ಬಣ್ಣ ಹಾಕಿದ ಆ ಗೊಂಬೆಗಳು ಮಗುವಿನ ಕಣ್ಣಿಗೆ ಬಿದ್ದರೆ ಗಾಡಿ ನಿಲ್ಲಲೇಬೇಕಿತ್ತು. ಬೈಪಾಸ್ ಊರನ್ನು ಬಳಸಿ ಹೋಗುವಾಗ ಮಗುವಿಗೆ ಕಾಣುವುದು ತಡೆಗೋಡೆ. ಮಧ್ಯೆ ಉಚ್ಚೆ ಬಂದರೆ ದೇವರೇ ಗತಿ. ಉಳಿದ ಒಂದೂವರೆ ಗಂಟೆಯನ್ನು ನಾವು ಮಗುವಿಗೆ ಕೊಡಲೂ ಇಲ್ಲ. ಅದರಲ್ಲಿ ಇನ್ನೊಂದು ಸ್ಥಳ ತುರುಕಿದೆವು. ಬೆಳಗಿನ ಜಾವ ಬೆಂಗಳೂರು ಬಿಟ್ಟು ಶ್ರೀರಂಗಪಟ್ಟಣ, ಬೆಟ್ಟ, ಮೃಗಾಲಯ, ಅರಮನೆ, ಚರ್ಚು, ಕತ್ತಲಾದಮೇಲೆ ಬೃಂದಾವನದ ಸಂಗೀತ ಕಾರಂಜಿ, ನಡುರಾತ್ರಿ ಮನೆ. ಈ ‘ಒಂದು ದಿನದ ಮೈಸೂರು’ ದೊಡ್ಡವರಿಗೇ ಶಿಕ್ಷೆ. ಕಾರಂಜಿ ಚಿಮ್ಮುವ ಹೊತ್ತಿಗೆ ಯಾರ ಹೆಸರಿನಲ್ಲಿ ಪ್ರವಾಸ ಹೊರಟಿದ್ದೆವೋ ಆ ಮಗು ಹೆಗಲ ಮೇಲೆ ನಿದ್ದೆ ಹೋಗಿರುತ್ತದೆ. ಇದರಲ್ಲಿ ಸರ್ಕಾರದ ತಪ್ಪಿಲ್ಲ, ಪಟ್ಟಿ ಮುಗಿಸುವ ನಮ್ಮ ಚಟದ್ದು. ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ಮೊಸರನ್ನ ಮತ್ತು ನಿದ್ದೆ, ಸಂಜೆ ಇನ್ನೊಂದು ಜಾಗ: ಚಿಕ್ಕ ಮಕ್ಕಳಿದ್ದರೆ ದಿನಕ್ಕೆ ಇದಕ್ಕಿಂತ ಹೆಚ್ಚು ಯಾವ ಊರೂ ಹಿಡಿಸುವುದಿಲ್ಲ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 6 ವರ್ಷದವರೆಗಿನ ಮಕ್ಕಳು 16 ಕೋಟಿಗೂ ಹೆಚ್ಚು. ಇಷ್ಟು ಮಂದಿಗೆ ಮತವಿಲ್ಲ, ಟಿಕೆಟ್ಟಿಲ್ಲ, ಹಾಗಾಗಿ ದೂರು ಪುಸ್ತಕದಲ್ಲೂ ಅವರ ಸಾಲಿಲ್ಲ. ಮೈಸೂರಿಗೆ ಇದನ್ನು ಸರಿಪಡಿಸುವ ಅನುಭವ ಒಂದು ಬಗೆಯಲ್ಲಿ ಇದೆ. ಪ್ರತಿ ದಸರೆಗೆ ಮುನ್ನ ಆನೆಗಳು ಮರಳಿನ ಮೂಟೆ ಹೊತ್ತು ಅರಮನೆಯಿಂದ ಬನ್ನಿಮಂಟಪದವರೆಗೆ ತಾಲೀಮು ನಡೆಸುತ್ತವೆ. 750 ಕಿಲೋ ಅಂಬಾರಿ ಹೊತ್ತ ಆನೆಗೆ ತೊಡಕಾಗದಂತೆ ರಸ್ತೆಯ ಗುಂಡಿ ಮುಚ್ಚುತ್ತಾರೆ, ಮರದ ಕೊಂಬೆ ಸವರುತ್ತಾರೆ. ಆನೆಯ ಅಳತೆಗೆ ದಾರಿ ಹದಮಾಡುವುದನ್ನು ಬಲ್ಲ ಪಾಲಿಕೆಗೆ ಮಗುವಿನ ಅಳತೆ ಕಷ್ಟವಾಗಬೇಕಿಲ್ಲ. ಅರಮನೆಯಿಂದ ದೊಡ್ಡಕೆರೆ ಮೈದಾನದ ಬದಿಯಲ್ಲಿ ಮೃಗಾಲಯ, ಕಾರಂಜಿ ಕೆರೆಯವರೆಗಿನ ದೂರ ಎರಡು ಕಿಲೋಮೀಟರಿನ ಆಸುಪಾಸು. ಅಷ್ಟು ಉದ್ದಕ್ಕೆ ವಾಹನ ನುಗ್ಗದ, ನೆರಳಿರುವ, ಏರುತಗ್ಗಿಲ್ಲದ ಒಂದು ನಡಿಗೆಯ ದಾರಿ. ಮಧ್ಯೆ ಎರಡು ಕಡೆ ಕುಟುಂಬ ಶೌಚಾಲಯ, ಹಾಲುಣಿಸುವ ಕೊಠಡಿ, ಕುಡಿಯುವ ನೀರಿನ ನಲ್ಲಿ. ನಲ್ಲಿಯನ್ನು ಮಾತ್ರ ಮಗುವಿನ ಕೈಗೆ ಎಟಕುವಂತೆ ಕೆಳಗೆ ಹಾಕಬೇಕು. ಮುಂದಿನ ದಸರೆಯ ರಸ್ತೆ ದುರಸ್ತಿಗೆ ಟೆಂಡರ್ ಕರೆಯುವಾಗ ಈ ಕೆಲಸವನ್ನೂ ಸೇರಿಸಲು ಯಾವ ಹೊಸ ನೀತಿಯೂ ಬೇಕಾಗುವುದಿಲ್ಲ.