ನಮ್ಮ ನಮ್ಮಲ್ಲಿ ಕಾಗದ ಯಾಕೆ?

ಚಿತ್ತಾಪುರ, ಶಹಾಬಾದ್, ವಾಡಿ ಕಡೆ ಇಬ್ಬರು ಸೇರಿ ಕಲ್ಲಿನ ಪಾಲಿಶ್ ಮಶೀನ್ ಹಾಕುವಾಗ ಮೊದಲು ಕೇಳಿಬರುವ ಮಾತು ಇದು: ‘ನಮ್ಮ ನಮ್ಮಲ್ಲಿ ಕಾಗದ ಯಾಕೆ?’ ಇದನ್ನು ನಾವು ದೊಡ್ಡತನವೆಂದು ತಿಳಿದಿದ್ದೇವೆ. ಬರೆಯೋಣ ಎಂದವನನ್ನು ಅನುಮಾನದ ಮನುಷ್ಯನೆಂದು ನೋಡುತ್ತೇವೆ. ಆದರೆ ಈ ದೊಡ್ಡತನ ಹೆಚ್ಚಾಗಿ ಹಣ ಹಾಕಿದವನ ಬಾಯಿಂದ ಬರುತ್ತದೆ. ಅದರ ಬೆಲೆ ತೆರುವವನು ಮೈ ಮುರಿದು ದುಡಿಯುವವನು.

ಧಂದೆಯ ರೀತಿಯನ್ನೇ ನೋಡಿ. ಶಹಾಬಾದಿ ಕಲ್ಲು ಪದರು ಪದರಾಗಿ ಏಳುವ ಸುಣ್ಣದ ಕಲ್ಲು. ಒಬ್ಬನ ಬಳಿ ಜಾಗ, ಹಣ, ಕರೆಂಟ್ ಮೀಟರ್ ಇರುತ್ತದೆ. ಇನ್ನೊಬ್ಬನಿಗೆ ಕಲ್ಲಿನ ಗುರುತು ಇರುತ್ತದೆ: ಯಾವ ಖಣಿಯ ಕಲ್ಲು ಪಾಲಿಶ್ ಹಿಡಿಯುತ್ತದೆ, ಯಾವುದು ಅಂಚಿನಲ್ಲಿ ಒಡೆಯುತ್ತದೆ, ಯಾವ ವ್ಯಾಪಾರಿ ಉದ್ರಿ ತೀರಿಸುತ್ತಾನೆ. ಮೊದಲನೆಯವನು ತಂದದ್ದನ್ನು ಎಣಿಸಬಹುದು. ಎರಡನೆಯವನು ತಂದದ್ದನ್ನು ಎಣಿಸಲು ನಾವು ಇನ್ನೂ ಕಲಿತಿಲ್ಲ. ಮಳೆಗಾಲದಲ್ಲಿ ಖಣಿಗೆ ನೀರು ತುಂಬಿ ಕೆಲಸ ನಿಲ್ಲುತ್ತದೆ. ಕಳಿಸಿದ ಮಾಲಿನ ಹಣ ತಿಂಗಳುಗಟ್ಟಲೆ ಬರುವುದಿಲ್ಲ. ಲಾರಿಯಲ್ಲಿ ಒಡೆದ ಕಲ್ಲಿನ ನಷ್ಟ ಯಾರದೆಂದು ಮೊದಲೇ ಗೊತ್ತುಮಾಡಿರುವುದಿಲ್ಲ. ಮೇಲಾಗಿ ಟೈಲ್ಸ್‌ನ ಪೈಪೋಟಿ. ಲಾಭ ದಪ್ಪವಿದ್ದಾಗ ಬಾಯಿಮಾತು ನಡೆಯುತ್ತದೆ. ತೆಳುವಾದಾಗ ಅದೇ ಮಾತು ಇಬ್ಬರಿಗೂ ಬೇರೆ ಬೇರೆಯಾಗಿ ನೆನಪಾಗುತ್ತದೆ.

ಬಾಯಿಮಾತಿನ ಪಾಲುದಾರಿಕೆಯೂ ಕಾನೂನಿನ ಕಣ್ಣಿಗೆ ಪಾಲುದಾರಿಕೆಯೇ. ಆದರೆ ನೀವು ಗೊತ್ತುಮಾಡದೆ ಬಿಟ್ಟದ್ದನ್ನು 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಗೊತ್ತುಮಾಡುತ್ತದೆ. ಬೇರೆ ಕರಾರು ಇತ್ತೆಂದು ತೋರಿಸಲಾಗದಿದ್ದರೆ, ಅದರ 13ನೆಯ ಕಲಮಿನ ಪ್ರಕಾರ ಧಂದೆಯಲ್ಲಿ ದುಡಿದದ್ದಕ್ಕೆ ಪಾಲುದಾರ ಸಂಬಳ ಕೇಳುವಂತಿಲ್ಲ. ಲಾಭ ಸಮಪಾಲು, ನಷ್ಟವೂ ಸಮಪಾಲು. 25ನೆಯ ಕಲಮಿನ ಪ್ರಕಾರ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಹೊಣೆ. ಸಾಲಗಾರರು ಪೂರ್ತಿ ಹಣವನ್ನು ಅವನೊಬ್ಬನಿಂದಲೇ ಕೇಳಬಹುದು. ಅಂದರೆ ಒಂದು ರೂಪಾಯಿ ಹಾಕದೆ ಹಗಲಿರುಳು ಕಲ್ಲಿನ ಧೂಳು ಕುಡಿದವನು ಕೂಲಿಯನ್ನೂ ಕಳೆದುಕೊಳ್ಳುತ್ತಾನೆ, ಸಾಲವನ್ನೂ ಹೊರುತ್ತಾನೆ. ‘ನಿನ್ನನ್ನು ಪಾಲುದಾರನನ್ನಾಗಿ ಮಾಡಿದ್ದೇನೆ’ ಎನ್ನುವ ಉಪಕಾರದ ಒಳಗೆ ಇಷ್ಟೆಲ್ಲ ಇದೆ.

ನೋಂದಣಿಯ ಮಾತು ಇನ್ನೂ ವಿಚಿತ್ರ. ಸಂಸ್ಥೆಯನ್ನು ನೋಂದಾಯಿಸುವುದು ಕಡ್ಡಾಯವಲ್ಲ. ಆದರೆ ನೋಂದಾಯಿಸದ ಸಂಸ್ಥೆಯ ಪಾಲುದಾರ ತನ್ನ ಕರಾರಿನ ಹಕ್ಕಿಗಾಗಿ ಇನ್ನೊಬ್ಬ ಪಾಲುದಾರನ ಮೇಲೆ ದಾವೆ ಹೂಡಲು 69ನೆಯ ಕಲಮು ಬಿಡುವುದಿಲ್ಲ. ಸಂಸ್ಥೆಯನ್ನು ವಿಸರ್ಜಿಸಿ ಎಂದು, ವಿಸರ್ಜಿಸಿದ ಸಂಸ್ಥೆಯ ಲೆಕ್ಕ ಕೊಡಿಸಿ ಎಂದು ಮಾತ್ರ ಕೇಳಬಹುದು. ಧಂದೆ ಉಳಿಸಿಕೊಳ್ಳಲು ಕೋರ್ಟಿನ ಬಾಗಿಲು ಮುಚ್ಚಿದೆ, ಮುರಿಯಲು ತೆರೆದಿದೆ! ಸಂಬಂಧ ಕೆಡಬಾರದೆಂದು ಕಾಗದ ಬೇಡವೆಂದವರು ಕೊನೆಗೆ ಸಂಬಂಧ ಮುರಿಯುವ ಬಾಗಿಲಿಗೇ ಬಂದು ನಿಲ್ಲುತ್ತಾರೆ.

‘ಬರೆದುಕೊಂಡವರೂ ಜಗಳಾಡುವುದಿಲ್ಲವೇ?’ ಎಂದು ಕೆಲವರು ಕೇಳುತ್ತಾರೆ. ಆಡುತ್ತಾರೆ. ಆದರೆ ಅವರ ಜಗಳ ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಬರೆಯದವರ ಜಗಳ ಮನುಷ್ಯನ ಮೇಲೆ, ಅವನ ಮನೆತನದ ಮೇಲೆ, ಇಬ್ಬರ ಧರ್ಮ ಬೇರೆಯಾಗಿದ್ದರೆ ಧರ್ಮದ ಮೇಲೆಯೇ ಹೋಗುತ್ತದೆ. ಒಡೆದ ಕಲ್ಲಿನ ಲೆಕ್ಕ ‘ಆ ಜನರೇ ಹಾಗೆ’ ಎಂಬಲ್ಲಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಹಿಂದೂ ಮುಸಲ್ಮಾನರು ಕೂಡಿ ದುಡಿಯುವ ಜಾಗಗಳು ಈ ಕಾಲದಲ್ಲಿ ಬಲು ಬೆಲೆಯುಳ್ಳವು. ಅವುಗಳನ್ನು ಭಾಷಣಗಳಿಗಿಂತ ನೆಟ್ಟಗೆ ಬರೆದ ಒಂದು ಕಿರ್ದಿ ಪುಸ್ತಕವೇ ಚೆನ್ನಾಗಿ ಕಾಯುತ್ತದೆ.

ಇನ್ನು ನಮ್ಮವರಿಗೆ ಒಂದು ಮಾತು. ವಿಶ್ವಾಸದ ಹೆಸರಿನಲ್ಲಿ ಕಾಗದ ತಳ್ಳುವವರು ಧರ್ಮವನ್ನು ಸಾಕ್ಷಿಗೆ ಕರೆಯಬಾರದು. ಕುರ್‌ಆನಿನ ಅತಿ ದೀರ್ಘ ವಚನ, ಅಲ್‌ಬಕರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ. ಸಣ್ಣದೆಂದು ಬೇಸರಿಸಬೇಡಿ, ಸಾಲ ಪಡೆದವನೇ ಹೇಳಿ ಬರೆಸಲಿ, ಸಾಕ್ಷಿ ಇರಲಿ ಎನ್ನುತ್ತದೆ. ಒಬ್ಬನ ಹಣ, ಇನ್ನೊಬ್ಬನ ದುಡಿಮೆ ಸೇರುವ ಮುದಾರಬದಲ್ಲಿ ದುಡಿಯುವವನ ತಪ್ಪಿಲ್ಲದೆ ಬಂದ ನಷ್ಟ ಹಣ ಹಾಕಿದವನದು; ದುಡಿದವನು ಕಳೆದುಕೊಳ್ಳುವುದು ತನ್ನ ದುಡಿಮೆಯನ್ನು. ಇದನ್ನು ಪ್ರವಚನದಲ್ಲಿ ಕೇಳಿ ತಲೆದೂಗುವವರು ತಮ್ಮ ಮಶೀನಿನ ಶೆಡ್ಡಿಗೆ ಬಂದೊಡನೆ ಮರೆಯುವುದೇಕೆ?

ಬರೆಯಬೇಕಾದದ್ದು ಬಹಳವಿಲ್ಲ. ದುಡಿಯುವವನಿಗೆ ಲಾಭದ ಪಾಲಿಗೆ ಮುನ್ನ ತಿಂಗಳಿಗೆ ಇಷ್ಟು ಎಂಬುದು. ನಷ್ಟ ಯಾರಿಗೆ ಎಷ್ಟು ಎಂಬುದು. ಒಡೆದ ಮಾಲು, ಬಾರದ ಉದ್ರಿ ಯಾರ ಖಾತೆಗೆ ಎಂಬುದು. ಇನ್ನೊಬ್ಬನನ್ನು ಕೇಳದೆ ಎಷ್ಟರವರೆಗೆ ಸಾಲ ತರಬಹುದು ಎಂಬುದು. ಒಬ್ಬ ತೀರಿಕೊಂಡರೆ ಅವನ ಹೆಂಡತಿ ಮಕ್ಕಳಿಗೆ ಏನು ಸಲ್ಲಬೇಕು ಎಂಬುದು. ಇಬ್ಬರೇ ಇದ್ದಲ್ಲಿ ಒಬ್ಬನ ಸಾವಿನೊಂದಿಗೆ ಪಾಲುದಾರಿಕೆಯೇ ಮುಗಿಯುತ್ತದೆ. ಇದನ್ನೆಲ್ಲ ಛಾಪಾ ಕಾಗದದ ಮೇಲೆ ಬರೆದು ನೋಂದಾಯಿಸಿ. ವಾರಕ್ಕೊಮ್ಮೆ ಲೆಕ್ಕವನ್ನು ಇಬ್ಬರೂ ಕೂತು ಓದಿ. ಒಬ್ಬನಿಗೆ ಉರ್ದು ಮಾತ್ರ, ಇನ್ನೊಬ್ಬನಿಗೆ ಕನ್ನಡ ಮಾತ್ರ ಬರುತ್ತಿದ್ದರೆ ಎರಡರಲ್ಲೂ ಬರೆಯಿರಿ. ಓದಲು ಬಾರದ ಲಿಪಿಯ ಲೆಕ್ಕ ಅವನ ಪಾಲಿಗೆ ಬರೆದಂತೆಯೇ ಅಲ್ಲ. ಲೆಕ್ಕದ ಪುಸ್ತಕ ನೋಡುವುದು, ನಕಲು ಮಾಡಿಕೊಳ್ಳುವುದು ಪಾಲುದಾರನ ಹಕ್ಕೆಂದು 12ನೆಯ ಕಲಮು ಹೇಳುತ್ತದೆ. ಅದನ್ನು ಕೇಳಿದವನಿಗೆ ‘ನನ್ನ ಮೇಲೆ ಭರವಸೆ ಇಲ್ಲವೇ?’ ಎನ್ನುವುದು ಉತ್ತರವಲ್ಲ, ಬೆದರಿಕೆ.

ಉರ್ದುವಿನಲ್ಲಿ ಹಿರಿಯರ ಗಾದೆಯೊಂದಿದೆ: ಹಿಸಾಬ್ ಜೌ ಜೌ, ಬಖ್‌ಶಿಶ್ ಸೌ ಸೌ. ಲೆಕ್ಕ ಕಾಳು ಕಾಳಿನದು, ಕೊಡುಗೆ ಬೇಕಾದರೆ ನೂರು ನೂರು. ಪ್ರೀತಿಯಿದ್ದವರು ಲೆಕ್ಕ ಮುಗಿದ ಮೇಲೆ ಕೈಬಿಚ್ಚಿ ಕೊಡಲಿ, ಯಾರು ಬೇಡವೆಂದರು? ಲೆಕ್ಕವನ್ನೇ ಕೊಡದವನ ಪ್ರೀತಿಯನ್ನು ಮಾತ್ರ ನಂಬಬೇಡಿ. ಪಾಲಿಗೆ ಬಂದದ್ದು ಪಂಚಾಮೃತ ಎಂದುಕೊಳ್ಳುವುದು ಹಣೆಬರಹದ ಮಾತಿಗೆ ಸರಿ. ದುಡಿದವನು ತನ್ನ ಪಾಲನ್ನು ಕೇಳಿ, ಬರೆಸಿ, ಎಣಿಸಿಯೇ ತೆಗೆದುಕೊಳ್ಳಬೇಕು.